ಮೂರನೇ ಗೇರಿನ ಉಸಿರು

ಆ ದಿನ ಬೆಳಿಗ್ಗೆ ಹಾಲು ಕಾಯಿಸಿದೆ. ನೆನೆಸಿಟ್ಟಿದ್ದ ಎಳೆಬಿದಿರಿನ ಕಣಿಲೆಯ ನೀರು ಬದಲಾಯಿಸಿದೆ. ಅಕ್ಕನಿಗೆಂದು ಸೋರೆಕಾಯಿ ಹೆಚ್ಚಿ, ಒಮ್ಮೆ ಬೇಯಿಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಬೇಯಲು ಇಟ್ಟೆ. ಒಣಗದ ಬಟ್ಟೆಗಳನ್ನು ಒಲೆಯ ಮೇಲಿನ ತಂತಿಗೆ ಹಾಕಿದೆ. ನಾಯಿಯ ಕಾಲ್ಬೆರಳ ಸಂದಿಯಿಂದ ಜಿಗಣೆ ಕಿತ್ತು ಉಪ್ಪು ಸುರಿದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದೆ. ಕೊನೆಗೆ ಜಗಲಿಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆದು, ಒರೆಸಿ, ಬಲಗಾಲನ್ನು ಅಕ್ಕನ ಮಡಿಲಿಗೆ ಚಾಚಿ ಕಣ್ಣು ಮುಚ್ಚಿದೆ.

ಅಕ್ಕ ಪೊರಕೆಯಿಂದ ಒಂದು ಕಡ್ಡಿ ಎಳೆದು ನನ್ನ ಬೆರಳುಗಳನ್ನು ಮುಟ್ಟುತ್ತಾ ಹೋದಳು.

"ಈಗ?"

"ಹೆಬ್ಬೆರಳು."

"ಈಗ?"

"ಅದರ ಪಕ್ಕದ್ದು."

"ಈಗ?"

ನನಗೇನೂ ತಿಳಿಯಲಿಲ್ಲ. ಅಕ್ಕ ಕಡ್ಡಿಯನ್ನು ಎತ್ತಿ ಹಿಡಿದಳು. ಆಮೇಲೆ, "ಮುಟ್ಟೇ ಇರಲಿಲ್ಲ ಕಣೇ, ಸುಮ್ನೆ ಕೇಳ್ದೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕಿರುಬೆರಳಿನ ಹತ್ತಿರ ಅವಳು ನಿಜವಾಗಿ ಮುಟ್ಟಿದಾಗ ಯಾರೋ ಕಾಲುಚೀಲದ ಮೇಲಿಂದ ಮುಟ್ಟಿದ ಹಾಗೆ ಮಂಕಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ನಮ್ಮ ಅಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು. ಕೊನೆಕೊನೆಗೆ ಅವರ ಪಾದಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಒಲೆಯಿಂದ ಸಿಡಿದ ಕೆಂಡದ ಮೇಲೆ ನಿಂತುಕೊಂಡೇ ರೊಟ್ಟಿ ತಟ್ಟುತ್ತಿದ್ದರು. ವಾಸನೆ ಬಂದ ಮೇಲೆ ನಾವು ಓಡಿ ಹೋಗಿ ನೋಡಿದ್ದೆವು. ಅಮ್ಮನ ಕೈರುಚಿ, ಅಮ್ಮನ ಗಿಡ್ಡ ಕತ್ತು, ಅಮ್ಮನ ಕಾಯಿಲೆ ಎಲ್ಲ ನನಗೇ ಬಂದಿವೆ. ಅಕ್ಕನಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಸಲ ಮಡಿಕೇರಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಸುಂಟಿಕೊಪ್ಪದ ಆಚೆಗಿರುವ ನಮ್ಮ ಮನೆಯಿಂದ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವವಳು ನಾನು. ನನ್ನವರು ತೋಟವೊಂದರಲ್ಲಿ ರೈಟರ್. ಹಾಜರಿ ಕರೆಯುವುದರಿಂದ ಹಿಡಿದು ಮೆಣಸಿನ ಬಳ್ಳಿ ಕಟ್ಟಿಸುವವರೆಗೆ ಎಲ್ಲ ಅವರ ತಲೆಯ ಮೇಲೆ. ವಾರದ ನಡುವೆ ರಜೆ ಸಿಗುವುದಿಲ್ಲ. ಬಸ್ಸಿನಲ್ಲಿ ಅಕ್ಕ ಹೋಗಬಹುದು, ಬರುವಾಗ ಆಗದು. ಬರುವಾಗ ಅವಳು ಹಿಂಡಿ ಹಾಕಿದ ಬಟ್ಟೆಯ ಹಾಗಿರುತ್ತಾಳೆ.

ಮಳೆ ಹಿಡಿದ ಮೇಲೆ ಕಾರಿನಲ್ಲಿ ಏನೋ ಆಗತೊಡಗಿತ್ತು. ಬೋಯಿಕೇರಿಯ ಏರಿನಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಕಾರು ತಕ್ಷಣ ಎಳೆಯುತ್ತಿರಲಿಲ್ಲ. ಕರೆದರೂ ಕೇಳಿಸದವರ ಹಾಗೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಒಮ್ಮೆಗೇ ಎದ್ದು ಓಡುತ್ತಿತ್ತು. ಹಿಂದಿನ ವಾರ ಕೆಟ್ಟು ನಿಂತ ಲಾರಿಯೊಂದನ್ನು ದಾಟಲು ಬಲಕ್ಕೆ ಬಂದಿದ್ದೆ. ಗೇರು ಹಾಕಿದೆ, ಒತ್ತಿದೆ, ಕಾರು ಸುಮ್ಮನಾಯಿತು. ತಿರುವಿನಲ್ಲಿ ಬಸ್ಸು. ಬಸ್ಸಿನವರು ಪುಣ್ಯಾತ್ಮರು, ನಿಲ್ಲಿಸಿದರು. ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡರು. ಅಕ್ಕ ಬೈಯಲಿಲ್ಲ. ಬಾಗಿಲ ಮೇಲಿನ ಹಿಡಿಯನ್ನು ಬಿಡದೆಯೇ ಕೇಳಿದಳು: "ಕಾಲು ಜೋಮು ಹಿಡಿದಿತ್ತಾ?"

ಆ ಪ್ರಶ್ನೆ ಮನೆಯಲ್ಲಿ ಬೇರೂರಿತು. ನನ್ನವರು ಕಾರನ್ನು ಓಡಿಸಿ ನೋಡಿ, "ಗಾಡಿಗೆ ಏನೂ ಆಗಿಲ್ಲ" ಎಂದರು. ಸುಂಟಿಕೊಪ್ಪದ ಮಲಯಾಳಿ ಮೆಕ್ಯಾನಿಕ್ ಎರಡು ಫಿಲ್ಟರ್ ಬದಲಾಯಿಸಿ, ತಾನೂ ಒಂದು ಸುತ್ತು ಹೋಗಿ ಬಂದು, "ಸೂಪರ್ ಉಂಟು ಚೇಚಿ" ಎಂದರು. ಇಬ್ಬರಿಗೂ ಆಗದ್ದು ನನಗೊಬ್ಬಳಿಗೇ ಆಗುವುದಾದರೆ ದೋಷ ಕಾರಿನದಲ್ಲ, ಪಾದದ್ದು. ನನ್ನವರು ಗಟ್ಟಿಯಾಗಿ ಹೇಳಲಿಲ್ಲ. ಊಟಕ್ಕೆ ಕೂತಾಗ, "ಇನ್ನು ಮೇಲೆ ಬಾಡಿಗೆ ಜೀಪು ಹೇಳಿಬಿಡೋಣ, ನಿನಗೂ ಆಯಾಸ" ಎಂದಷ್ಟೇ ಹೇಳಿದರು. ಸ್ಟೀರಿಂಗ್ ಬಿಡುವುದು ನನಗೆ ದೊಡ್ಡ ಮಾತಾಗಿರಲಿಲ್ಲ. ಆದರೆ ಅಮ್ಮನ ದಾರಿ ನನಗೆ ಶುರುವಾಗಿದೆಯೇ ಎಂಬುದನ್ನು ಕಾರೊಂದು ಹೇಳಬೇಕಾಗಿ ಬಂದಿತ್ತು.

ಅದಕ್ಕೇ ಆ ದಿನ ಆಸ್ಪತ್ರೆಗೆ ಹೋಗುವ ಮುನ್ನ ಮತ್ತೊಮ್ಮೆ ಗ್ಯಾರೇಜಿಗೆ ಹೋದೆವು. ನನ್ನವರು ಅರ್ಧ ದಿನ ರಜೆ ಕೇಳಿ ಬಂದಿದ್ದರು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹೊರಬಂದು, "ಪುನಃ ಅದೇನಾ ಚೇಚಿ?" ಎಂದು ಕೀಲಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ನಾನೇ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಂಡು ನನ್ನ ಕಾಲು ನೋಡಿ. ರಸ್ತೆ ನೋಡಬೇಡಿ."

"ರಸ್ತೆ ನಾವು ನೋಡ್ತೀವಿ ಬಿಡು" ಎಂದಳು ಅಕ್ಕ ಹಿಂದಿನ ಸೀಟಿನಿಂದ. ನನ್ನವರು ಅವಳ ಪಕ್ಕದಲ್ಲಿ ಕೊಡೆ ಹಿಡಿದು ಕೂತರು.

ಊರು ದಾಟಿ ಏರು ಸಿಕ್ಕಿತು. ಮೆಕ್ಯಾನಿಕ್ ಸೊಂಟ ಬಗ್ಗಿಸಿ ನನ್ನ ಪಾದದ ಕಡೆಗೆ ತಲೆ ತಗ್ಗಿಸಿದ್ದರು. ಎದುರಿಂದ ಬಂದ ಬೈಕಿನವನು ನಮ್ಮನ್ನು ತಿರುತಿರುಗಿ ನೋಡಿದ. ನಾನು ಯಾವಾಗಲೂ ಓಡಿಸುವ ಹಾಗೆ ಮೆಲ್ಲಗೆ ಓಡಿಸಿದೆ. ಇಂಜಿನ್ ಕೂಗುವುದಕ್ಕೆ ಮೊದಲೇ ಗೇರು ಬದಲಾಯಿಸುವುದು ನನ್ನ ಅಭ್ಯಾಸ. ಹಿಂದೆ ಕೂತ ಅಕ್ಕನ ಹೊಟ್ಟೆ ತೊಳಸಬಾರದಲ್ಲ. ಎರಡರಿಂದ ಮೂರು. ಒತ್ತಿದೆ. ಕಾರು ಸುಮ್ಮನಾಯಿತು. ಆಮೇಲೆ ಎದ್ದಿತು.

"ಇನ್ನೊಂದು ಸಲ" ಎಂದರು ಮೆಕ್ಯಾನಿಕ್.

ಇನ್ನೊಂದು ಸಲ ಮಾಡಿದೆ. ಅವರು ತಲೆ ಎತ್ತಿದರು. ಮುಖ ಕೆಂಪಾಗಿತ್ತು, ಬಗ್ಗಿದ್ದಕ್ಕೆ.

"ಕಾಲು ಕರೆಕ್ಟ್ ಉಂಟು ಚೇಚಿ. ಕಾಲು ಹೋಗಿ ಆಯ್ತು. ಗಾಡಿಯೇ ಬರ್ಲಿಲ್ಲ."

ನಾನು ಇಂಡಿಕೇಟರ್ ಕೂಡ ಹಾಕದೆ ಬದಿಗೆ ನಿಲ್ಲಿಸಿದೆ. ಗಾಜಿನ ವೈಪರ್‌ಗಳು ಆ ಕಡೆ ಈ ಕಡೆ ಆಡುತ್ತಲೇ ಇದ್ದವು. ಹಿಂದಿನಿಂದ ಅಕ್ಕನ ಕೈ ಬಂದು ನನ್ನ ಭುಜದ ಮೇಲೆ ಕೂತಿತು.

"ಹಂಗಾದ್ರೆ ನಾನು ಓಡಿಸಿದಾಗ ಯಾಕೆ ಗೊತ್ತಾಗಲಿಲ್ಲ?" ನನ್ನವರಿಗೆ ಸಮಾಧಾನವಿಲ್ಲ.

"ನೀವು ಮಾಡೋದು ಗಾಡಿ ಓಡಿಸೋದಾ, ಕಾಡಾನೆ ಓಡಿಸೋದಾ?" ಎಂದಳು ಅಕ್ಕ. "ಇಂಜಿನ್ ಬಾಯಿ ಬಡ್ಕೊಳ್ಳೋವರೆಗೂ ಗೇರೇ ಬದಲಾಯಿಸಲ್ಲ."

ಮೆಕ್ಯಾನಿಕ್ ನಗುತ್ತಾ ಒಪ್ಪಿಕೊಂಡರು. ತಾನೂ ಹಾಗೇ ಓಡಿಸುವುದಂತೆ. ಹಾಗೆ ಓಡಿಸಿದರೆ ಟರ್ಬೊ ನಿದ್ದೆ ಹೋಗುವುದೇ ಇಲ್ಲವಂತೆ.

ಗ್ಯಾರೇಜಿಗೆ ತಿರುಗಿ ಬಂದು ಬಾನೆಟ್ ಎತ್ತಿದೆವು. ತೊಂದರೆ ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಮೆಕ್ಯಾನಿಕ್ ಕೇಳಿದರು. ನನಗೆ ನೆನಪಿದ್ದದ್ದು ಬಟ್ಟೆಗಳು. ಹೊರಗಿನ ತಂತಿಯ ಮೇಲೆ ಬಟ್ಟೆ ಒಣಗಿದ ದಿನಗಳಲ್ಲಿ ಕಾರು ಸರಿಯಿತ್ತು. ಒಲೆಯ ಮೇಲೆ ಹಾಕಬೇಕಾಗಿ ಬಂದ ದಿನಗಳಲ್ಲಿ ಹೀಗೆ. "ಹಾಗಾದ್ರೆ ವಯರಿಗೆ ನೀರು" ಎಂದು ಅವರು ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ, ಊದಿ, ಒರೆಸಿ ಹಾಕಿದರು. ಏನೂ ಬದಲಾಗಲಿಲ್ಲ. ಆಗ ಟಾರ್ಚ್ ಹಿಡಿದು ಇಂಜಿನ್ನಿನ ಆಳದಲ್ಲಿ ಬೆರಳು ಗಾತ್ರದ ಕಬ್ಬಿಣದ ಕಡ್ಡಿಯೊಂದನ್ನು ತೋರಿಸಿದರು.

"ಇಂಜಿನ್ ಬಿಟ್ಟ ಹೊಗೆ ಹೊರಗೆ ಹೋಗುವಾಗ ಒಂದು ಚಕ್ರ ತಿರುಗಿಸ್ತದೆ ಚೇಚಿ. ಅದೇ ಚಕ್ರ ಹೊಸ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ಹಾಕ್ತದೆ. ಅದು ಟರ್ಬೊ. ಹೊಗೆ ಕಮ್ಮಿ ಇರುವಾಗ ಈ ಕಡ್ಡಿ ದಾರಿಯನ್ನು ಸಣ್ಣ ಮಾಡ್ಬೇಕು. ಆಗ ಕಮ್ಮಿ ಹೊಗೆಯೂ ಜೋರು ಹೊಡೀತದೆ."

ಊದುಗೊಳವೆ, ಅಂದುಕೊಂಡೆ. ಬಾಯಿಂದ ಊದಿದರೆ ಬೂದಿ ಹಾರುತ್ತದೆ ಅಷ್ಟೇ. ಕೊಳವೆಯಿಂದ ಊದಿದರೆ ಹಸಿ ಸೌದೆಯೂ ಹತ್ತುತ್ತದೆ. ಅಷ್ಟು ವರ್ಷ ಆ ಕಾರಿನಲ್ಲಿ ಕೂತು ಏರು ಹತ್ತಿದ್ದೆ. ನಮ್ಮನ್ನು ಮೇಲಕ್ಕೆ ಎಳೆಯುತ್ತಿದ್ದದ್ದು ತಾನೇ ಹೊರಗೆ ಬಿಟ್ಟ ಉಸಿರಿನಿಂದ ಇನ್ನೊಂದು ಉಸಿರನ್ನು ಮಾಡಿಕೊಳ್ಳುವ ಯಂತ್ರವೆಂದು ಗೊತ್ತೇ ಇರಲಿಲ್ಲ. ಅದೂ ಗೇರು ಬದಲಾಯಿಸಲು ನಾನು ಕಾಲೆತ್ತಿದಾಗಲೆಲ್ಲ ಆ ಉಸಿರು ತಗ್ಗುತ್ತದೆ, ಕಾಲಿಟ್ಟಾಗ ಮತ್ತೆ ತುಂಬಿಕೊಳ್ಳುತ್ತದೆ. ಮಡಿಕೇರಿಗೆ ಹೋಗಿ ಬರುವಷ್ಟರಲ್ಲಿ ಹೀಗೆ ಎಷ್ಟು ಸಲವೋ!

ನನ್ನವರು ಇಂಜಿನ್ ಚಾಲೂ ಮಾಡಿದರು. ಆ ಕಡ್ಡಿ ಕೂಡಲೇ ಸರ್ರನೆ ಮೇಲೇಳಬೇಕಂತೆ. ಅದು ಬೆಳಗಿನ ಚಳಿಯಲ್ಲಿ ಹಾಸಿಗೆ ಬಿಡುವವರ ಹಾಗೆ ನಿಧಾನವಾಗಿ, ಇಷ್ಟಿಷ್ಟೇ ಎದ್ದಿತು.

"ಇದನ್ನು ಎಳೆಯುವುದು ಬರೀ ಗಾಳಿ" ಎಂದು ಮೆಕ್ಯಾನಿಕ್ ಕಡ್ಡಿಯ ಮೇಲಿನ ತಟ್ಟೆಯಿಂದ ಹೊರಟ ಒಂದು ತೆಳು ರಬ್ಬರ್ ಕೊಳವೆಯ ಜಾಡು ಹಿಡಿದರು. ಮೆಣಸಿನ ಬಳ್ಳಿಯಷ್ಟೇ ದಪ್ಪ. ಅದು ಇಂಜಿನ್ನಿನ ಬದಿಯಿಂದ ಹತ್ತಿ, ಬ್ಯಾಟರಿಯ ಹಿಂದೆ ಕತ್ತಲಲ್ಲಿ ಮರೆಯಾಗಿತ್ತು. ಅಲ್ಲಿಗೆ ಕೈ ಹಾಕಿದವರು ನಿಂತರು. ಬೆರಳು ಮೂಸಿ ನೋಡಿಕೊಂಡರು.

"ಇಲ್ಲಿ ಯಾರು ಎಲೆ ಅಡಿಕೆ ಹಾಕ್ತಾರೆ?"

ಟಾರ್ಚಿನ ಬೆಳಕಿನಲ್ಲಿ ಒಂದು ಪುಟ್ಟ ಗಂಟು ತೂಗುತ್ತಿತ್ತು. ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿದ ಹೊಗೆಸೊಪ್ಪಿನ ಕಡ್ಡಿ. ಕುಶಾಲನಗರದ ಕಡೆ ನಮ್ಮವರೆಲ್ಲ ಹೊಗೆಸೊಪ್ಪು ಬೆಳೆಯುವವರು. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಹುಡುಕಿಕೊಂಡು ಬರುವ ಇಲಿಗಳು ವಯರು ಕಡಿಯದಿರಲೆಂದು ಎಲೆ ಒಣಗಿಸುವ ಬ್ಯಾರನ್ನಿನಿಂದ ಕಡ್ಡಿ ತಂದು ಬಾನೆಟ್ ಒಳಗೆ ಕಟ್ಟುವುದು ರೂಢಿ. ಗಂಟನ್ನು ಆ ರಬ್ಬರ್ ಕೊಳವೆಗೇ ಬಿಗಿದಿದ್ದರು, ಗೋಣಿ ದಾರದಲ್ಲಿ. ಅದು ನನಗೆ ಗೊತ್ತಿದ್ದ ಗಂಟು. ತೋಟದಲ್ಲಿ ಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೆ ಕಟ್ಟುವ ಗಂಟು: ಒಣಗಿದ್ದಾಗ ಸಡಿಲ, ಮಳೆಗೆ ನೆನೆದರೆ ದಾರ ತಾನೇ ಮುರುಟಿ ಬಿಗಿಯುತ್ತದೆ. ಬಳ್ಳಿ ಮರಕ್ಕೆ ಅಂಟಿ ಬೇರು ಬಿಡಲಿ ಎಂದೇ ಹಾಗೆ ಕಟ್ಟುವುದು.

ನನ್ನವರು ಕಾರಿನಿಂದಿಳಿದು ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಗಟ್ಟಿ ಇರ್ಲಿ ಅಂತ…" ಎಂದರು.

"ಕಾರಿಗೂ ಬಳ್ಳಿ ಹಬ್ಬಿಸೋಕೆ ಹೊರಟಿದ್ರಾ?" ಎಂದಳು ಅಕ್ಕ. "ಬರೋ ವರ್ಷ ಕುಯ್ಲಿಗೆ ಕರೀರಿ, ನಾನೂ ಬರ್ತೀನಿ."

"ಇಲಿ ಬಂತಾ ಹೇಳಿ ಅತ್ತಿಗೆ? ಒಂದಾದ್ರೂ ಬಂತಾ?"

ಮೆಕ್ಯಾನಿಕ್ ಬ್ಲೇಡಿನಿಂದ ದಾರ ಕೊಯ್ದರು. ರಬ್ಬರಿನ ಮೇಲೆ ಬಳೆಯ ಹಾಗೆ ಒಂದು ಗುರುತು ಉಳಿದಿತ್ತು. ಆ ತುಂಡನ್ನು ತೆಗೆದು ಹೊಸ ಕೊಳವೆ ಹಾಕಿದರು. ಈ ಸಲವೂ ಚಾಲೂ ಮಾಡುವ ಕೆಲಸ ನನ್ನದಲ್ಲ ಎಂದೆ, ನಾನು ನೋಡಬೇಕಿತ್ತು. ನನ್ನವರು ಕೀಲಿ ತಿರುಗಿಸಿದರು. ಕಡ್ಡಿ ಟಕ್ಕನೆ ಎದ್ದಿತು. ನಿಲ್ಲಿಸಿ ಮತ್ತೆ ಚಾಲೂ ಮಾಡಿಸಿದೆ. ಮತ್ತೆ ಎದ್ದಿತು. ಇನ್ನೊಂದು ಸಲ ಮಾಡಿಸಿದಾಗ ಮೆಕ್ಯಾನಿಕ್, "ಸಾಕು ಚೇಚಿ, ಅದಕ್ಕೂ ನಾಚಿಕೆ ಆಗ್ತದೆ" ಎಂದರು.

ನಾನು ಇನ್ನೂ ಅಲ್ಲೇ ನಿಂತಿದ್ದೆ. ಬೆರಳುದ್ದದ ದಾರವೊಂದು, ನೆನೆದು ಎಳ್ಳಷ್ಟು ಬಿಗಿಯಾಗಿದ್ದದ್ದು. ಅದು ಒಂದು ಎಳೆ ಗಾಳಿಯನ್ನು ತಡೆದಿತ್ತು, ಆ ಗಾಳಿ ಒಂದು ಕಡ್ಡಿಯನ್ನು, ಆ ಕಡ್ಡಿ ಇಡೀ ಕಾರನ್ನು. ಅಷ್ಟೆಲ್ಲ ದಾಟಿ ಆ ಬಿಗಿತ ಪೆಡಲಿಗೆ ಬಂದು, ಚಪ್ಪಲಿಯ ಅಟ್ಟೆ ದಾಟಿ ನನ್ನ ಪಾದಕ್ಕೆ ಮುಟ್ಟಿತ್ತು. ಮರಗಟ್ಟುತ್ತಿದೆಯೆಂದು ನಾನು ದಿನವೂ ಕಡ್ಡಿಯಿಂದ ಚುಚ್ಚಿಸಿಕೊಳ್ಳುತ್ತಿದ್ದ ಪಾದಕ್ಕೆ. ಮೊದಲು ತಿಳಿದದ್ದು ಅದಕ್ಕೇ. ನಂಬದೆ ಹೋದದ್ದು ನಾನು.

ಮಡಿಕೇರಿಗೆ ಹೊರಟೆವು. ನನ್ನವರು ತೋಟದ ಗೇಟಿನಲ್ಲಿ ಇಳಿಯುತ್ತಾ, "ಜೀಪಿಗೆ ಹೇಳೋದು ಬೇಡ ಅಲ್ವಾ?" ಎಂದರು. "ಬೇಡ" ಎಂದೆ. ಹೊಗೆಸೊಪ್ಪಿನ ಗಂಟನ್ನು ಅವರ ಅಂಗಿ ಜೇಬಿಗೆ ತುರುಕಿದೆ. ಬೋಯಿಕೇರಿಯ ಏರಿನಲ್ಲಿ ಎರಡರಿಂದ ಮೂರಕ್ಕೆ ಹಾಕಿ ಮೆಲ್ಲಗೆ ಒತ್ತಿದೆ. ಸೀಟು ನನ್ನ ಬೆನ್ನನ್ನು ಹಿತವಾಗಿ ಮುಂದಕ್ಕೆ ತಳ್ಳಿತು. ಮಂಜಿನ ಒಳಗೆ ರಸ್ತೆ ತಾನೇ ಬಿಚ್ಚಿಕೊಳ್ಳುತ್ತಾ ಹೋಯಿತು. ಕಿವಿಗೊಟ್ಟರೆ ಬಹಳ ಸಣ್ಣಗೆ, ಕೊಳವೆಯಲ್ಲಿ ಯಾರೋ ಊದಿದ ಹಾಗೆ ಒಂದು ಸದ್ದು ಕೇಳುತ್ತಿತ್ತು. ಮೊದಲೂ ಇದ್ದಿರಬೇಕು.

ಅಕ್ಕ ಯಂತ್ರಕ್ಕೆ ಕೈ ಒಡ್ಡಿ ಮಲಗಿದ ಮೇಲೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಅವಳ ರಕ್ತವೂ ಹೀಗೇ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆದುಕೊಂಡು ಒಳಗೆ ಬರುತ್ತದೆ. ಅಷ್ಟು ದಿನ ಆ ಕೊಳವೆಗಳ ಕಡೆ ನೋಡಲು ಹೆದರುತ್ತಿದ್ದವಳು ಆ ದಿನ ಬಾಗಿಲಲ್ಲಿ ನಿಂತು ನೋಡಿದೆ. ನೋಡುತ್ತಲೇ ಇದ್ದೆ. ಅದೇ ಕಾರಿಡಾರಿನ ಕೊನೆಯಲ್ಲಿ ಡಾಕ್ಟರರನ್ನು ಕಂಡು ಕಿರುಬೆರಳಿನ ಮಂಕಿನ ವಿಷಯ ಹೇಳಿದೆ. ಅವರು ಸಣ್ಣ ನೂಲಿನಂಥದ್ದರಿಂದ ಮುಟ್ಟಿ ನೋಡಿ, ಈಗಲೇ ಹೇಳಿದ್ದು ಒಳ್ಳೆಯದಾಯಿತು, ಸಕ್ಕರೆ ಹಿಡಿತದಲ್ಲಿಡಿ, ಸದ್ಯಕ್ಕೆ ಕಾರು ಓಡಿಸಲು ಅಡ್ಡಿಯಿಲ್ಲ ಎಂದರು.

ರಾತ್ರಿ ಅಕ್ಕಿ ರೊಟ್ಟಿ, ಕಣಿಲೆ ಸಾರು. ನನ್ನವರು ಕೇಳಿ ಬಡಿಸಿಕೊಂಡರು. ಆ ದಿನ ಅವರು ಕೇಳದಿದ್ದರೂ ಬಡಿಸುತ್ತಿದ್ದೆ. ಅಕ್ಕನ ಪಾಲಿನ ಬಿಳಿ ಅನ್ನ, ಸೋರೆಕಾಯಿ ಪಲ್ಯ ತಟ್ಟೆಯಲ್ಲಿ ಮುಚ್ಚಿಟ್ಟೇ ಇತ್ತು. ಬಂದವಳೇ ಹಾಸಿಗೆ ಸೇರಿದ್ದಳು, ಎಬ್ಬಿಸಲು ಮನಸ್ಸಾಗಲಿಲ್ಲ. ಅವಳು ನಮ್ಮೆಲ್ಲರಿಗಿಂತ ಮೊದಲು, ಬೋಯಿಕೇರಿಯ ಇಳಿಜಾರಿನಲ್ಲೇ, ಬಾಗಿಲ ಮೇಲಿನ ಹಿಡಿ ಬಿಟ್ಟು ನಿದ್ದೆ ಹೋಗಿದ್ದಳು.