ಒಂಬತ್ತು ಹತ್ತರ ಅಂಕಿ

ನಾನು ನಿಂತಿದ್ದದ್ದು ಮದರಾಸಿನ ಶೋಳಿಂಗನಲ್ಲೂರಿನ ಸಿಗ್ನಲ್ ದಾಟಿ ಉತ್ತರಕ್ಕೆ ಇನ್ನೂರು ಹೆಜ್ಜೆಯಲ್ಲಿ, ಪೆರುಂಗುಡಿ ಕಡೆಯ ಬಸ್ಸುಗಳು ನಿಲ್ಲುವ ಜಾಗದಲ್ಲಿ. ತಂಗುದಾಣದ ನೆರಳಿನೊಳಗಲ್ಲ, ಅದರ ಎಡಗಡೆಯ ಕಬ್ಬಿಣದ ಕಂಬದ ಪಕ್ಕ. ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಬಲಗೈಯಲ್ಲಿ ಫೋನಿತ್ತು. ಅದರಲ್ಲಿ ಮೂರು ವಿಳಾಸ ತುಂಬಿಸಿಟ್ಟ ಒಂದು ಖಾಲಿ ಇ-ಮೇಲ್ ತೆರೆದಿತ್ತು.

ಇಷ್ಟು ಖಚಿತವಾಗಿ ಹೇಳಬಲ್ಲೆ ಎಂದರೆ ನನ್ನ ನೆನಪಿನ ಶಕ್ತಿ ದೊಡ್ಡದು ಎಂದಲ್ಲ. ಅದಕ್ಕೆ ಮುಂಚಿನ ಹದಿನಾಲ್ಕು ತಿಂಗಳು, ಆಫೀಸಿದ್ದ ದಿನಗಳಲ್ಲೆಲ್ಲ, ನಾನು ಅದೇ ಕಂಬದ ಪಕ್ಕ ಅದೇ ಹೊತ್ತಿಗೆ ನಿಂತಿದ್ದೆ. ಯಾಕೆ ನಿಲ್ಲುತ್ತಿದ್ದೆ ಎಂದು ಹೇಳದೆ ಆ ದಿನದ್ದನ್ನು ಹೇಳಲು ಬರುವುದಿಲ್ಲ.

ನನ್ನ ಅಕ್ಕನ ಮನೆ ಮಾಧವರಂನಲ್ಲಿ. ಭಾವನದು ಅಲ್ಲೇ ಲಾರಿ ಟೈರಿನ ಅಂಗಡಿ. ಅವರ ಮನೆತನ ರಾಣೆಬೆನ್ನೂರು ಕಡೆಯದು, ನಮ್ಮದೂ ಅಷ್ಟೇ. ಎರಡು ತಲೆಮಾರಿನಿಂದ ಮದರಾಸಿನಲ್ಲಿದ್ದರೂ ಮನೆಯೊಳಗೆ ಆ ಕಡೆಯ ಮಾತೇ ಉಳಿದಿದೆ. ಅವರ ಒಬ್ಬಳೇ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನ್ನ ಆಫೀಸಿನಲ್ಲಿ ಮನರಂಜನೆಯ ಕೋಣೆ ಖಾಲಿ ಮಾಡುವಾಗ ಬಿಸಾಡಲು ಇಟ್ಟಿದ್ದ ಒಂದು ಆಟದ ಡಬ್ಬಿಯನ್ನು ನಾನು ಅವರ ಮನೆಗೆ ಒಯ್ದಿದ್ದೆ. ಒಂದು ದ್ವೀಪದ ನಕಾಶೆ, ಮೂವತ್ತೆರಡು ಪ್ರಾಂತ, ಬೆರಳ ತುದಿಯಷ್ಟು ಸೈನಿಕರು, ದೋಣಿಗಳು, ಕೋಟೆಗಳು, ಒಂದು ದಾಳ. ಒಂದು ಆಟ ಮುಗಿಯಲು ಐದಾರು ಗಂಟೆ ಬೇಕು. ಭಾನುವಾರ ಶುರು ಮಾಡಿದರೆ ಮುಗಿಯುತ್ತಲೇ ಇರಲಿಲ್ಲ. ಮಂಚದ ಮೇಲೆ ಹಾಗೇ ಬಿಟ್ಟು ಬಂದರೆ ಮುಂದಿನ ವಾರಕ್ಕೆ ಕಸ ಗುಡಿಸುವವಳು ನನ್ನ ಸೈನ್ಯವನ್ನು ಡಬ್ಬಿಗೆ ತುಂಬಿಟ್ಟಿರುತ್ತಿದ್ದಳು. ನಾನು ಶೋಳಿಂಗನಲ್ಲೂರಿಗೆ ಮನೆ ಬದಲಾಯಿಸಿದ ಮೇಲೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೇ ಎರಡು ಗಂಟೆಯ ಕೆಲಸವಾಯಿತು. ಆಗ ಅಕ್ಕನ ಮಗಳು, ಇ-ಮೇಲಿನಲ್ಲಿ ಆಡೋಣ ಅಂದಳು. ವಾಟ್ಸಾಪ್ ಬೇಡ, ಅದರಲ್ಲಿ ಅಪ್ಪ ಕಳಿಸಿದ್ದನ್ನು ಅಳಿಸಿಬಿಡುತ್ತಾನೆ ಅಂತಲೂ ಅಂದಳು.

ಡಬ್ಬಿಯೊಳಗಿನ ಹದಿನಾರು ಪುಟದ ನಿಯಮಗಳನ್ನು ಮೇಲಿಗೆ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಆಫೀಸಿನಲ್ಲಿ ಮಾಡುವುದೂ ಅದೇ, ಯಂತ್ರಗಳ ಕೈಪಿಡಿ ಬರೆಯುವುದು. ಸುಲಭ ಅಂದುಕೊಂಡಿದ್ದೆ. ಮೇಜಿನ ಸುತ್ತ ಕೂತಾಗ ಒಬ್ಬರಾದ ಮೇಲೆ ಒಬ್ಬರು ಆಡುವುದು ಸರಿ. ಮೇಲಿನಲ್ಲಿ ಹಾಗೆ ಆಡಿದಾಗ ಒಂದು ಸುತ್ತು ಮುಗಿಯಲು ಒಂಬತ್ತು ದಿನ ಹಿಡಿಯಿತು. ಅದಕ್ಕೆ ಎಲ್ಲರೂ ತಮ್ಮ ನಡೆಯನ್ನು ಗುಟ್ಟಾಗಿ ಬರೆದು ಭಾನುವಾರ ಸಂಜೆ ಎಂಟರೊಳಗೆ ಅಕ್ಕನ ಮಗಳಿಗೆ ಕಳಿಸುವುದು, ಅವಳು ಆಡದೆ ತೀರ್ಪು ಹೇಳುವುದು ಎಂದಾಯಿತು. ಎಲ್ಲರೂ ಒಟ್ಟಿಗೆ ನಡೆದರೆ ಹೊಸ ತಕರಾರು: ನನ್ನ ಸೈನ್ಯ ಅವರ ಪ್ರಾಂತಕ್ಕೆ, ಅವರದು ನನ್ನ ಪ್ರಾಂತಕ್ಕೆ ಏಕಕಾಲಕ್ಕೆ ಹೊರಟರೆ ದಾರಿಯಲ್ಲಿ ಸೇರುತ್ತವೋ, ದಾಟಿ ಹೋಗುತ್ತವೋ? ಭಾವ ಮೂರು ದಿನ ಇದನ್ನೇ ಎಳೆದರು. “ರಸ್ತೆ ಒಂದ ಅಂದಮ್ಯಾಲೆ ಎದುರಾಗಾಕ ಬೇಕು. ನಮ್ಮ ಓಣಿಗೆ ಬಂದು ನೋಡಪಾ, ಎರಡು ಲಾರಿ ಹೆಂಗ ದಾಟತಾವ ಅಂತ.” ಸೋತ ಸೈನ್ಯ ಎಲ್ಲಿಗೆ ಹಿಂದೆ ಸರಿಯಬೇಕೆಂದು ಮೊದಲೇ ಬರೆದು ಕಳಿಸಬೇಕು ಎಂಬ ನಿಯಮಕ್ಕೆ ಅಕ್ಕ ಒಪ್ಪಲೇ ಇಲ್ಲ. “ಸೋಲೂಕಿಂತ ಮೊದಲ ಓಡೂ ಜಾಗ ಬರೀಬೇಕೇನು? ನಾ ಬರ್ಯಂಗಿಲ್ಲ.” ಕೊನೆಯವರೆಗೂ ಬರೆಯಲಿಲ್ಲ. ಅವಳ ಸೈನಿಕರು ಸೋತಲ್ಲೇ ಸಾಯುತ್ತಿದ್ದರು.

ಉಳಿದದ್ದು ದಾಳ. ನಾನು ನನ್ನ ಮನೆಯಲ್ಲಿ ಎಸೆದು ಆರು ಬಿತ್ತು ಅಂದರೆ ಯಾರು ನಂಬಬೇಕು? ಕಂಪ್ಯೂಟರೇ ಅಂಕಿ ಕೊಡುತ್ತದೆ ಎಂದರೆ ಭಾವನಿಗೆ ಅದೂ ಬೇಡ. “ಕಣ್ಣಿಗೆ ಕಾಣೂದು ಏನರ ಇರಲಿ” ಅಂದರು. ಟೈರಿನ ಅಂಗಡಿಯವರಿಗೆ ಕಣ್ಣಿಗೆ ಕಾಣುವುದೆಂದರೆ ವಾಹನ. ನಂಬರ್ ಪ್ಲೇಟಿನ ಕೊನೆಯ ಅಂಕಿಯನ್ನೇ ದಾಳ ಮಾಡಿಕೊಂಡೆವು. ಒಂಬತ್ತು ಹತ್ತಾದ ಮೇಲೆ ನನ್ನ ಮುಂದೆ ಹಾದುಹೋಗುವ ಮೊದಲ ನೀರಿನ ಟ್ಯಾಂಕರ್. ಅದರ ಹಿಂಬದಿಯ ಪ್ಲೇಟಿನ ಕೊನೆಯ ಅಂಕಿ. ಒಂದರಿಂದ ಆರಾದರೆ ಲೆಕ್ಕಕ್ಕೆ, ಏಳು ಎಂಟು ಒಂಬತ್ತು ಸೊನ್ನೆಯಾದರೆ ಮುಂದಿನ ಟ್ಯಾಂಕರ್. ದಿನಕ್ಕೊಂದು ಯುದ್ಧ. ಕೋಟೆಯೊಳಗಿನ ಸೈನಿಕರಿಗಿಂತ ಅಂಕಿ ದೊಡ್ಡದಿದ್ದರೆ ಕೋಟೆ ಬಿತ್ತು. ಆ ಹೊತ್ತಿನಲ್ಲಿ ರಸ್ತೆಯಲ್ಲಿ ನಿಂತಿರುತ್ತಿದ್ದವನು ನಾನೊಬ್ಬನೇ ಆದ್ದರಿಂದ ನೋಡುವ ಕೆಲಸ ನನ್ನದು. ಒಂದು ದಿನ ನನ್ನ ಮೇಲ್ ಒಂಬತ್ತು ಹದಿನೇಳಕ್ಕೆ ಹೋಯಿತು. ಅಕ್ಕ ಫೋನ್ ಮಾಡಿದಳು.

“ಯಾವ ಆರಕ್ಕ ಕಾಯ್ಕೋತ ನಿಂತಿದ್ದಿ?”

“ಟ್ಯಾಂಕರ್ರೇ ಬರಲಿಲ್ಲ ಅಕ್ಕಾ.”

“ನಿನ್ನ ಟ್ಯಾಂಕರ್ ನನಗ ಗೊತ್ತೈತಿ. ನೋಡಿದ ಒಂದ ನಿಮಿಷದಾಗ ಬರಬೇಕು ಮೇಲು. ಇಲ್ಲಂದ್ರ ಆ ದಿನದ ಯುದ್ಧ ಇಲ್ಲ.”

ಆ ದಿನ ಟ್ಯಾಂಕರ್ ಬಂದಿತ್ತು. ಕೊನೆಯ ಅಂಕಿ ಒಂದು. ನಾನು ಇನ್ನೊಂದಕ್ಕೆ ಕಾದಿದ್ದೆ. ಇದನ್ನು ಈಗಲೂ ಅಕ್ಕನಿಗೆ ಹೇಳಿಲ್ಲ. ಒಂದು ನಿಮಿಷದ ನಿಯಮ ಹುಟ್ಟಿದ್ದು ಹೀಗೆ, ನನ್ನ ಸುಳ್ಳಿನಿಂದ. ಅಲ್ಲಿಂದ ಮುಂದೆ ನನ್ನ ಹೆಬ್ಬೆರಳು ಕಣ್ಣಿಗಿಂತ ಚುರುಕಾಯಿತು. ಅಂಕಿ ಕಂಡೊಡನೆ ಒತ್ತು, ಕಳಿಸು. ಬಸ್ ಸ್ಟಾಪಿನವರು ನನಗೆ ‘ನಂಬರ್ ಸಾರ್’ ಎಂದು ಹೆಸರಿಟ್ಟಿದ್ದರೆಂದು ಆಮೇಲೆ ತಿಳಿಯಿತು.

ಆ ಮಂಗಳವಾರ ಅಕ್ಕನ ಉತ್ತರದ ಕೋಟೆಯ ಮೇಲೆ ನನ್ನ ದಾಳಿ. ಒಳಗೆ ಮೂವರಿದ್ದರು. ನನಗೆ ನಾಲ್ಕಾದರೂ ಬೇಕಿತ್ತು.

ಮೆಟ್ರೋ ಕೆಲಸದ ತಗಡಿನ ಬೇಲಿಯಿಂದ ಅಲ್ಲಿ ರಸ್ತೆ ಕಿರಿದಾಗಿತ್ತು. ನನ್ನ ಬಲಕ್ಕೆ, ಸುಮಾರು ಹನ್ನೆರಡು ಹೆಜ್ಜೆ ದೂರದಲ್ಲಿ ಒಂದು ಷೇರ್ ಆಟೋ ಅಂಚಿಗೆ ಪೂರ್ತಿ ಸರಿಯದೆ ನಿಂತಿತು. ಅದರ ರಸ್ತೆ ಕಡೆಯಿಂದ ನೀಲಿ ಸೀರೆಯ ಹೆಂಗಸೊಬ್ಬರು ಇಳಿದರು. ಎದುರಿನ ಎತ್ತರದ ಕಟ್ಟಡದಲ್ಲಿ ಶುಚಿ ಮಾಡುವ ಕೆಲಸದವರು. ಆ ಸೀರೆಯಲ್ಲಿ ಅವರನ್ನು ದಿನವೂ ನೋಡುತ್ತಿದ್ದೆ, ಮಾತಾಡಿರಲಿಲ್ಲ. ಹಿಂದಿನಿಂದ ಟ್ಯಾಂಕರ್ ಬಂತು. ಸದ್ದು ಕೇಳಿತು. ತಗಡಿಗೆ ಏನೋ ತಾಗಿದಂಥ ಸಣ್ಣ ಸದ್ದು. ಟ್ಯಾಂಕರ್ ನಿಲ್ಲದೆ ನನ್ನ ಮುಂದೆ ಹಾದುಹೋಯಿತು.

ಇಲ್ಲಿ ನಿಧಾನವಾಗಿ ಬರೆಯಬೇಕು. ಆಕೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ ಎಂದು ಆ ವಾರ ಒಬ್ಬಿಬ್ಬರಿಗೆ ಹೇಳಿದ್ದೇನೆ. ಅದು ನಿಜವಲ್ಲ. ಕಣ್ಣಿನ ಬಲ ಅಂಚಿನಲ್ಲಿ ನೀಲಿ ಬಣ್ಣ ನೆಲಕ್ಕೆ ಹೋದದ್ದು ಕಂಡಿತ್ತು. ಆದರೂ ತಲೆ ಎಡಕ್ಕೆ ತಿರುಗಿತು. ಪ್ಲೇಟಿನ ಮೇಲೆ ಕೆಸರಿತ್ತು. ಕೊನೆಯ ಅಂಕಿ ನಾಲ್ಕು. ಅದರ ಹಿಂದಿನವನ್ನು ನಾನು ನೋಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ನೋಡಿದವನಲ್ಲ. “ನಾಲ್ಕು. ಕೋಟೆ ಬಿತ್ತು” ಎಂದು ಬರೆದು ಕಳಿಸಿದೆ. ಫೋನನ್ನು ಜೇಬಿಗಿಟ್ಟೆ. ಆಮೇಲೆ ಓಡಿದೆ.

ಆಕೆಯ ಬಲಗಾಲು ತಿರುಚಿಕೊಂಡಿತ್ತು. ಊಟದ ಡಬ್ಬಿ ತೆರೆದು ಅನ್ನ ರಸ್ತೆಯಲ್ಲಿ ಚೆಲ್ಲಿತ್ತು. ಕಣ್ಣು ಬಿಟ್ಟೇ ಇದ್ದರು. ಬಸ್ ಸ್ಟಾಪಿನಲ್ಲಿ ಮಜ್ಜಿಗೆ ಮಾರುವ ಹೆಂಗಸು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಕೂಗಿದಳು, “ಫೋನ್ ಪಣ್ಣುಂಗ ಸಾರ್!” ಫೋನ್ ಮಾಡಿ ಎಂದು. ಆಗ ಜೇಬಿನಿಂದ ಮತ್ತೆ ಫೋನ್ ತೆಗೆದೆ. ಆಂಬುಲೆನ್ಸಿನವರಿಗೆ ಜಾಗ ಹೇಳುತ್ತಿದ್ದಾಗ ಕಿವಿಯ ಹತ್ತಿರವೇ ಅದು ಗುರ್ ಎಂದಿತು. ಅಕ್ಕನ ಉತ್ತರ. “ಪಾಪಿ! ನಾಲ್ಕ ಬೀಳಬೇಕಾಗಿತ್ತೇನು? ನಿನ್ನ ಬಾಯಾಗ ಮಣ್ಣು ಹಾಕ.”

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಆಕೆಯ ತಮ್ಮ ಹಾಸಿಗೆಯ ಪಕ್ಕ ನಿಂತಿದ್ದ. ಅವರಾಡಿದ್ದು ತಮಿಳು.

“ದಿನಾ ನಂಬರ್ ನೋಡೋರು ನೀವು. ಪೂರ್ತಿ ನಂಬರ್ ಹೇಳಿ ಸಾರ್.”

“ಕೊನೇದು ನಾಲ್ಕು. ಅಷ್ಟೇ ನೋಡಿದ್ದು.”

“ಅಷ್ಟೇ ಅಂದ್ರೆ? ಟ್ಯಾಂಕರಿನವರು ಯಾರಾದ್ರೂ ಬಂದು ಮಾತಾಡಿದ್ರಾ ನಿಮ್ಮ ಹತ್ತಿರ?”

“ಏಯ್, ಬಾಯಿ ಮುಚ್ಚು” ಎಂದು ಆಕೆ ಅವನನ್ನು ಗದರಿದರು. “ಬಿದ್ದ ತಕ್ಷಣ ನಾನು ನೋಡ್ದೆ, ಇವರ ಕೈಯಲ್ಲಿ ಫೋನಿತ್ತು. ಬೇರೆಯವರಾಗಿದ್ರೆ ವಿಡಿಯೋ ತೆಗೀತಿದ್ರು. ಇವರು ನನಗೆ ನೋವು ಗೊತ್ತಾಗೋದಕ್ಕೆ ಮೊದಲೇ ಆಂಬುಲೆನ್ಸಿಗೆ ಹೇಳ್ತಿದ್ರು.” ಪಕ್ಕದ ಹಾಸಿಗೆಯವರಿಗೂ ಅದನ್ನೇ ಹೇಳಿ ನನ್ನನ್ನು ತೋರಿಸಿದರು. ತಂದಿದ್ದ ಮೂಸಂಬಿಯ ಚೀಲವನ್ನು ಕೆಳಗಿಟ್ಟು ಬಂದೆ.

ಮೆಟ್ರೋ ಕೆಲಸಕ್ಕಾಗಿ ಆ ಕಂಬದ ಮೇಲಿದ್ದ ಕ್ಯಾಮೆರಾ ತೆಗೆದಿದ್ದರು. ನಾನು ಸಾಕ್ಷಿ ಹೇಳಲು ಠಾಣೆಗೆ ಹೋದಾಗ, ವಾಹನ ಸಿಗದಿದ್ದರೆ ಕೇಸು ಅಲ್ಲಿಗೇ ನಿಲ್ಲುತ್ತದೆ, ಆಕೆಯ ಕಾಲಿಗೆ ಯಾರೂ ಹೊಣೆಯಾಗುವುದಿಲ್ಲ ಎಂದು ಸಬ್‌ಇನ್‌ಸ್ಪೆಕ್ಟರ್ ಹೇಳಿದರು. “ನಾಲ್ಕು ಅಂತ ಇವತ್ತು ಹೇಳ್ತೀರಿ. ಅವತ್ತೇ, ಅಲ್ಲೇ ಬರೆದಿಟ್ಟದ್ದು ಏನಾದರೂ ಇದೆಯಾ? ಇದ್ದರೆ ಆ ಹೊತ್ತಿಗೆ ಹೊರಟ ಟ್ಯಾಂಕರ್ ಹುಡುಕಬಹುದು.”

“ನೋಡಿ ಹೇಳ್ತೀನಿ” ಅಂದೆ.

ಬರೆದಿಟ್ಟದ್ದು ಇತ್ತು. ಅದರ ಮೇಲೆ ಹೊತ್ತೂ ಇತ್ತು: ಒಂಬತ್ತು ಹನ್ನೊಂದು. ಆಂಬುಲೆನ್ಸಿಗೆ ನಾನು ಮಾಡಿದ ಕರೆ ಒಂಬತ್ತು ಹದಿಮೂರು. ಎರಡೂ ಒಂದೇ ಫೋನಿನಲ್ಲಿ. ಆ ಭಾನುವಾರದವರೆಗೆ ನಾನು ಯಾರಿಗೂ ತೋರಿಸಲಿಲ್ಲ. ಆಫೀಸಿನಲ್ಲಿ ಕೂತಲ್ಲಿ ಕೂರಲಾಗದೆ ನೀರು ಕುಡಿಯಲು ಎದ್ದು ಹೋಗುತ್ತಿದ್ದೆ, ಕುಡಿಯದೆ ಬರುತ್ತಿದ್ದೆ. ಬಸ್ಸಿನ ಕಿಟಕಿಯಿಂದ ಕಂಡ ಪ್ಲೇಟುಗಳನ್ನೆಲ್ಲ ಈಗ ಮೊದಲ ಅಕ್ಷರದಿಂದ ಓದುತ್ತಿದ್ದೆ. ಒಂದನ್ನು ಓದಿ ಮುಗಿಸುವುದರೊಳಗೆ ಇನ್ನೊಂದು ಬರುತ್ತಿತ್ತು.

ಭಾನುವಾರ ಮಾಧವರಂಗೆ ಹೋಗಿ ಮೂವರ ಮುಂದೆ ಎಲ್ಲ ಹೇಳಿದೆ. ಅಕ್ಕ, “ನಾ ಬೈದದ್ದು ಅದ ಹೊತ್ತಿಗೇನು?” ಎಂದು ಕೇಳಿದಳು. ಹೌದು ಅಂದೆ. ಎದ್ದು ಒಳಗೆ ಹೋದಳು.

ಭಾವ ಹೇಳಿದರು, “ಇಷ್ಟ್ಯಾಕ ತಲಿ ಕೆಡಿಸ್ಕೋತಿ? ಒಂದು ಚೀಟಿ ಮ್ಯಾಲೆ ನಾಲ್ಕು ಅಂತ ಬರದು ಕೊಡು. ಅವತ್ತ ಬರದದ್ದು ಅನ್ನು. ಅಂಕಿ ಅಂತೂ ಖರೇನ ಐತಲ್ಲ.”

ಅಕ್ಕನ ಮಗಳು ನನ್ನ ಮುಖ ನೋಡದೆ, “ಮೇಲ್ ಕಾಟುಂಗ ಮಾಮಾ” ಅಂದಳು. ಮೇಲನ್ನೇ ತೋರಿಸಿ ಎಂದು.

ಮಾಧವರಂನ ಬಸ್ ನಿಲ್ದಾಣದಲ್ಲಿ ಕೂತು ಒಂದು ಹಳೆಯ ಟಿಕೆಟ್ಟಿನ ಹಿಂದೆ ಆ ದಿನದ ತಾರೀಖು, ಹೊತ್ತು, ನಾಲ್ಕು ಎಂದು ಬರೆದೆ. ನೋಡಲು ನಿಜದ ಹಾಗೇ ಇತ್ತು. ಬಸ್ಸು ಊರೊಳಗೆ ಬರುವವರೆಗೂ ಅಂಗಿಯ ಜೇಬಿನಲ್ಲಿತ್ತು. ಆಮೇಲೆ ಹರಿದು ಹಾಕಿದೆ. ಧೈರ್ಯದಿಂದಲ್ಲ. ಚೀಟಿ ಬರೆದದ್ದು ಯಾವಾಗ, ಫೋನ್ ಮಾಡುವ ಮೊದಲೋ ಆಮೇಲೋ ಎಂದು ಅವರು ಕೇಳಿದರೆ ಏನು ಹೇಳುವುದು ಎಂದು ತೋಚಲಿಲ್ಲ.

ಮರುದಿನ ಠಾಣೆಗೆ ಹೋಗಿ ಫೋನ್ ಕೊಟ್ಟೆ. ಸಬ್‌ಇನ್‌ಸ್ಪೆಕ್ಟರ್ ಕನ್ನಡದ ಆ ಮೇಲನ್ನು ಅಕ್ಕನ ಮಗಳ ಬಾಯಿಂದ ಫೋನಿನಲ್ಲಿ ತಮಿಳಿಗೆ ಮಾಡಿಸಿಕೊಂಡು ಕೇಳಿದರು. “ಕೋಟೆ ಬಿತ್ತು ಅಂದ್ರೇನು?” ನಾನು ಆಟವನ್ನು ವಿವರಿಸಿದೆ. ಒಂದು ನಿಮಿಷದ ನಿಯಮವನ್ನೂ ಹೇಳಿದೆ. ಅವರು ನಗಲಿಲ್ಲ. ಹೊತ್ತಿನ ಕೆಳಗೆ ಗೆರೆ ಎಳೆದು, ಪ್ರಿಂಟಿನ ಮೇಲೆ ನನ್ನ ಸಹಿ ತೆಗೆದುಕೊಂಡರು. ನೀರು ತುಂಬಿಸುವ ಕಡೆ ವಿಚಾರಿಸಿದಾಗ ಆ ಹೊತ್ತಿಗೆ ಹೊರಟವುಗಳಲ್ಲಿ ನಾಲ್ಕರಲ್ಲಿ ಕೊನೆಯಾಗುವ ಟ್ಯಾಂಕರುಗಳು ಮೂರಿದ್ದವು. ಒಂದರ ಎಡಗಡೆಯ ಮೆಟ್ಟಿಲನ್ನು ಹೊಸದಾಗಿ ಬಡಿದು ನೇರ ಮಾಡಿದ್ದರು. ಎರಡು ದಿನದ ಮೇಲೆ ಚಾಲಕ ಒಪ್ಪಿಕೊಂಡ.

ಆ ಮೇಲ್‌ನ ಪ್ರಿಂಟು ಕೇಸಿನ ಕಾಗದಗಳಲ್ಲಿ ಸೇರಿತು. ಆಕೆಯ ತಮ್ಮ ಓದಿ ಹೇಳುವ ಮೊದಲು ನಾನೇ ಹೇಳಬೇಕೆಂದು ಅವರ ಮನೆಗೆ ಹೋದೆ. ಸಿಗ್ನಲ್ಲಿನ ಹಿಂದಿನ ಓಣಿ, ಒಂದೇ ಕೋಣೆ. ಆಕೆ ಕಾಲು ಚಾಚಿ ಗೋಡೆಗೆ ಒರಗಿದ್ದರು. ಟ್ಯಾಂಕರಿನವನು ಸಿಕ್ಕಿದನಂತಲ್ಲ, ನಿಮ್ಮಿಂದಲೇ ಸಾರ್, ಎಂದು ಶುರುಮಾಡಿದರು. ನಾನು ತಡೆದು ಹೇಳಿದೆ: ನೀವು ನೋಡಿದಾಗ ನಾನು ಆಂಬುಲೆನ್ಸಿಗೆ ಹೇಳುತ್ತಿರಲಿಲ್ಲ. ಆಟದ ಅಂಕಿ ಕಳಿಸುತ್ತಿದ್ದೆ. ನೀವು ಬಿದ್ದದ್ದು ನನಗೆ ಕಂಡಿತ್ತು.

ಆಕೆ ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

“ಎಷ್ಟು ಹೊತ್ತು?”

“ಎರಡು ನಿಮಿಷ.”

“ಗೆದ್ರಾ?”

“ಹೌದು” ಅಂದೆ.

ಆಕೆ ತಲೆಯಾಡಿಸಿ, ಚಾಪೆಯ ಮೇಲಿದ್ದ ಬೀಸಣಿಗೆ ತೆಗೆದುಕೊಂಡು ಬೀಸಿಕೊಳ್ಳತೊಡಗಿದರು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಬಂದೆ. ಆಟ ನಿಂತುಹೋಯಿತು; ನಿಲ್ಲಿಸೋಣ ಎಂದು ಯಾರೂ ಬರೆಯಲಿಲ್ಲ. ನಾನು ಈಗ ಬಸ್ಸನ್ನು ಇನ್ನೊಂದು ನಿಲ್ದಾಣದಲ್ಲಿ ಹತ್ತುತ್ತೇನೆ.

ಇದಾಗಿ ಮೂರು ವರ್ಷ. ಆ ಎರಡು ನಿಮಿಷಗಳನ್ನು ನನ್ನ ಹೊರತು ಕಂಡವರೆಂದು ನನಗೆ ಗೊತ್ತಿರುವುದು ಮೂವರು. ಷೇರ್ ಆಟೋದ ಚಾಲಕ ಕಳೆದ ವರ್ಷ ಕಾಮಾಲೆಯಾಗಿ ತೀರಿಕೊಂಡ. ಮಜ್ಜಿಗೆಯ ಹೆಂಗಸು ಇದ್ದಾಳೆ, ಬೇಸಿಗೆಯಲ್ಲಿ ಅಲ್ಲೇ ಕೂರುತ್ತಾಳೆ. ಬಿದ್ದ ಆಕೆ ಇದ್ದಾರೆ. ಕುಂಟುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ನಾನು ಇಲ್ಲಿ ಬರೆದದ್ದರಲ್ಲಿ ತಪ್ಪಿದ್ದರೆ ಇವರಿಬ್ಬರು ಹೇಳಬಲ್ಲರು.