ಅಗನೀತಕ್ಕನ ಬುಧವಾರದ ಸ್ತೋತ್ರ

ನಮ್ಮ ಮೆನ್ನೊನೈಟ್ ಕ್ರೈಸ್ತ ಮಂದಿಯಲ್ಲಿ ಯಾರನ್ನೂ ಮುಖದೆದುರು ಹೊಗಳುವ ಪದ್ಧತಿಯಿಲ್ಲ. ಹೊಗಳಿಸಿಕೊಂಡವರಿಗೆ ಕೊಬ್ಬು ಬರುತ್ತದೆಂದು ಹಿರಿಯರ ಭಯ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇಡೀ ಬಳಗಕ್ಕೆ ಪ್ಲಮ್ ಹಣ್ಣಿನ ಸೂಪ್ ಮಾಡಿ ಬಡಿಸಿದಾಗ ನಮ್ಮ ಮಾವ ‘ತಿನ್ನಬಹುದು’ ಎಂದರು. ಅಷ್ಟು ದೊಡ್ಡ ಮಾತು ಅವರ ಬಾಯಿಂದ ಹೇಗೆ ಬಂತೆಂದು ನನ್ನ ಗಂಡ ಇವತ್ತಿಗೂ ಆಶ್ಚರ್ಯಪಡುತ್ತಾನೆ. ಆದರೆ ದೇವರ ಮುಂದೆ ಒಬ್ಬರಿಗಾಗಿ ಸ್ತೋತ್ರ ಹೇಳಲು ಅಡ್ಡಿಯಿಲ್ಲ. ಆ ಒಬ್ಬರು ಅಲ್ಲೇ ಇದ್ದು ಕೇಳಿಸಿಕೊಂಡರೆ ಅದು ಅವರ ಕಿವಿಯ ತಪ್ಪು. ಈ ಕಿಂಡಿಯನ್ನು ಕಂಡುಹಿಡಿದು ಹೆಬ್ಬಾಗಿಲು ಮಾಡಿಕೊಂಡವಳು ಅಗನೀತಕ್ಕ.

ಅಗನೀತಕ್ಕ ಮದುವೆಯಾಗಲಿಲ್ಲ, ಕೋಳಿ ಸಾಕಿದಳು. ಕೆನಡಾದ ಮ್ಯಾನಿಟೋಬದ ನಮ್ಮ ಹಳ್ಳಿಯಲ್ಲಿ ಅವಳ ಮೊಟ್ಟೆ ಹೋಗದ ಮನೆಯಿಲ್ಲ. ಮೊಟ್ಟೆ ಒಳಗೆ ಹೋದ ಮೇಲೆ ಸುದ್ದಿ ಹೊರಗೆ ಬರಲೇಬೇಕಲ್ಲ. ಹಾಗೆ ಕೂಡಿಸಿದ್ದನ್ನೆಲ್ಲ ಅವಳು ಬುಧವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ದೇವರಿಗೆ ಒಪ್ಪಿಸುತ್ತಿದ್ದಳು. ನಾವು ಹಿಂದಕ್ಕೆ ತಿರುಗಿ, ಕೂತಿದ್ದ ಬೆಂಚಿನ ಮೇಲೆಯೇ ಮೊಣಕೈ ಊರಿ ಮಂಡಿಯೂರುವವರು. ಒಬ್ಬರಿಗೆ ಇನ್ನೊಬ್ಬರ ಮುಖ ಕಾಣದು. ಕಾಣುವುದು ಹಿಂದಿನ ಸಾಲಿನವರ ಬೂಟಿನ ಅಡಿ ಮಾತ್ರ. ಅಗನೀತಕ್ಕ ಬೆಂಚಿನ ಸಾಲು ಹಿಡಿದು ಒಬ್ಬೊಬ್ಬರ ಹೆಸರೆತ್ತಿ, ಅವರ ನಂಬಿಕೆಗಾಗಿ ಸ್ತೋತ್ರ ಹೇಳುತ್ತ ಹೋಗುವಳು. ಪಾಸ್ಟರ್ ಪೆನ್ನರ್ ಅವರ ತಾಳ್ಮೆಗೆ ಸ್ತೋತ್ರ: ತಮ್ಮ ಪ್ರಸಂಗಕ್ಕೆ ಅರ್ಧ ಸಭೆ ತೂಕಡಿಸಿದರೂ ಅವರು ನಂಬಿಕೆ ಕಳೆದುಕೊಳ್ಳದೆ ಮುಂದುವರಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ನಾನು ಕೂಟಕ್ಕೆ ಮಾಡುವ ಕಾಫಿ: ‘ಲೇನಾಳ ಕಾಫಿ ಕುಡಿದೂ ಈ ಸಭೆ ಉಳಿದಿದೆ, ಇದು ನಿನ್ನ ಕೃಪೆಯೇ ಕರ್ತನೇ.’ ಉರಿದುಹೋಯಿತು ನನಗೆ. ಆದರೂ ಮುಂದಿನ ಬುಧವಾರ ಎಲ್ಲರಿಗಿಂತ ಮೊದಲು ಹೋಗಿ ಕೂತೆ.

ಇಸಾಕ್ ಡೂರ್ಕ್ಸನ್‌ನ ತಂಟೆ ಶುರುವಾದದ್ದು ಇದರಿಂದಲೇ. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ‘ತಿನ್ನಬಹುದು’ ಎನ್ನಲೂ ಯಾರೂ ಇರಲಿಲ್ಲ. ಹಳೇ ಟ್ರಕ್ಕಿನಲ್ಲಿ ಕಾಯಿಲೆಯವರ ಮನೆಮನೆಗೆ ಸೂಪು, ಬನ್ನು ಮುಟ್ಟಿಸುವುದೇ ಅವನ ಕೆಲಸ. ಒಂದು ಬುಧವಾರ ಅಗನೀತಕ್ಕ ಎಂದಳು: “ಇಸಾಕಣ್ಣನ ನಂಬಿಕೆಗಾಗಿ ಸ್ತೋತ್ರ ಕರ್ತನೇ. ಬ್ರೇಕ್ ಇಲ್ಲದ ಟ್ರಕ್ಕಲ್ಲಿ ನಿನ್ನೊಬ್ಬನನ್ನೇ ನಂಬ್ಕೊಂಡು ಓಡಾಡ್ತಾನೆ. ಅಂಥಾ ನಂಬಿಕೆ ನಮಗೂ ಕೊಡು. ಅವನು ಬರೋವಾಗ ದಾರೀಲಿರೋರಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಡು.”

ಬೆಂಚುಗಳು ಅಲುಗಾಡಿದವು. ಮಾರನೆಯ ದಿನದಿಂದ ಆ ಟ್ರಕ್ಕಿಗೆ ‘ನಂಬಿಕೆ’ ಎಂದೇ ಹೆಸರಾಯಿತು. ಇಸಾಕ ಅಂಗಡಿಯ ಮುಂದೆ ಬಂದರೆ ‘ನಂಬಿಕೆ ಬಂತು, ಸರಿದು ನಿಲ್ಲಿ’ ಎನ್ನುವರು. ಇಸಾಕ ಕೆಂಡವಾಗಿ ಅಗನೀತಕ್ಕನ ಕೋಳಿಮನೆಗೇ ಹೋದ. ನಾನು ಮೊಟ್ಟೆಗೆಂದು ಅಲ್ಲೇ ಇದ್ದೆ.

“ಇನ್ಮೇಲೆ ಸಭೇಲಿ ನನ್ನ ಹೆಸರು ನಿನ್ನ ಬಾಯಲ್ಲಿ ಬರಕೂಡದು,” ಎಂದ.

“ಆಯ್ತಪ್ಪ,” ಎಂದಳು ಅಗನೀತಕ್ಕ.

ಬೇರೆ ಮಂದಿಯಲ್ಲಾಗಿದ್ದರೆ ಇದು ಎರಡು ವಾರದ ಮಾತು. ನಾವು ಆಣೆ ಇಡುವವರಲ್ಲ; ಕೋರ್ಟಿಗೆ ಹೋದರೂ ಇಡುವುದಿಲ್ಲ. ನಮ್ಮ ಹೌದು ಹೌದೇ, ಇಲ್ಲ ಇಲ್ಲವೇ. ಹಾಗಾಗಿ ಕೋಳಿಗಳ ನಡುವೆ ಆಡಿದ ‘ಆಯ್ತಪ್ಪ’ ಎಂಬುದು ಕಲ್ಲಾಗಿ ಕೂತಿತು.

ಮೊದಲ ಬುಧವಾರ ಇಸಾಕ ಗೆದ್ದವನಂತೆ ಮನೆಗೆ ಹೋದ. ಚಳಿಗಾಲ ಬರುವಷ್ಟರಲ್ಲಿ ಸೋತಿದ್ದ. ಅಗನೀತಕ್ಕನ ಸ್ತೋತ್ರ ಅವನ ಎಡಗಡೆಯವನ ತನಕ ಬಂದು, ಒಂದು ಉಸಿರು ನಿಂತು, ಬಲಗಡೆಯವನ ಮೇಲೆ ಇಳಿಯುತ್ತಿತ್ತು. ಅವನು ಜಾಗ ಬದಲಿಸಿದ. ಅವಳು ಅಲ್ಲೂ ದಾಟಿದಳು. ಕೆಮ್ಮಿ ನೋಡಿದ. ಕೆಮ್ಮು ಬೇಗ ವಾಸಿಯಾಗಲೆಂದು ಅವಳು ಬೇಡಿಕೊಂಡಳು, ಯಾರ ಕೆಮ್ಮೆಂದು ಹೇಳಲಿಲ್ಲ. ಅವಳ ಅಂಗಳದ ಹಿಮ ಸರಿಸಿಕೊಟ್ಟ. ಬುಧವಾರ ಸ್ತೋತ್ರ ಸಂದದ್ದು ಸಲಿಕೆ ಕೊಟ್ಟ ಪಕ್ಕದ ಮನೆಯವನಿಗೆ. ಕೊನೆಗೆ ಟ್ರಕ್ಕಿಗೆ ಹೊಸ ಬ್ರೇಕ್ ಹಾಕಿಸಿ, ಕಾಫಿಯ ಹೊತ್ತಿನಲ್ಲಿ ಅವಳ ಬೆನ್ನ ಹಿಂದೆ ನಿಂತು, ಬ್ರೇಕ್ ಎಷ್ಟು ಚೆನ್ನಾಗಿ ಹಿಡಿಯುತ್ತದೆಂದು ನನಗೆ ಕೂಗಿ ಕೂಗಿ ಹೇಳಿದ. ನನಗೇನು ಕಿವುಡೇ? ಅವಳು ಬನ್ನು ಮುರಿದು ಕಾಫಿಯಲ್ಲಿ ಅದ್ದಿಕೊಂಡಳು, ಅಷ್ಟೆ.

ಆ ಹೆಂಗಸಿನ ಹಟ ಕಂಡು ನನಗೇ ಸಿಟ್ಟು ಬಂತು. ಪಾತ್ರೆ ತೊಳೆಯುವಾಗ ಕೇಳಿಯೇಬಿಟ್ಟೆ, ಆ ಮನುಷ್ಯ ಸೊರಗುತ್ತಿರುವುದು ಕಾಣುವುದಿಲ್ಲವೇ ಎಂದು. ಕಾಣುತ್ತದೆ ಎಂದಳು. ಬೀಗ ಹಾಕಿದವನು ಅವನು, ಬೀಗದ ಕೈಯೂ ಅವನ ಜೇಬಿನಲ್ಲೇ ಇದೆ, ತಾನು ಕದ ಮುರಿಯುವವಳಲ್ಲ ಎಂದಳು. ಹೇಳುವಾಗ ಅವಳ ಕಣ್ಣು ತೊಳೆಯುವ ಪಾತ್ರೆಯ ಮೇಲಿರಲಿಲ್ಲ. ಒಂದು ಬಟ್ಟಲು ಒಡೆದಳು.

ಚಳಿ ಕಳೆದು, ಬೇಸಿಗೆಯೂ ಕಳೆದು ಸುಗ್ಗಿಯ ಸ್ತೋತ್ರದ ಹಬ್ಬ ಬಂತು. ವೇದಿಕೆಯ ಮೇಲೆ ಕುಂಬಳ, ಗೋಧಿ, ಜಾಡಿಗಟ್ಟಲೆ ಉಪ್ಪಿನಕಾಯಿ. ಆ ವಾರದ ಬುಧವಾರ ಎಲ್ಲರೂ ಮಂಡಿಯೂರಿದೆವು. ಅಗನೀತಕ್ಕ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಗಂಡಸರ ಕಡೆಯಿಂದ ಒಂದು ಒರಟು ದನಿ ಎದ್ದಿತು. ಇಸಾಕ ಆವರೆಗೆ ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದವನಲ್ಲ.

“ಕರ್ತನೇ,” ಎಂದ. “ಅಗನೀತಾಳ ನಂಬಿಕೆಗಾಗಿ ಸ್ತೋತ್ರ. ಕೊಟ್ಟ ಮಾತಿಗೆ ತಪ್ಪೋಳಲ್ಲ. ಹಾಳಾದ್ದು, ಚೂರಾದರೂ ತಪ್ಪಬಾರ್ದಾಗಿತ್ತಾ? ನಾನು ಅಂದದ್ದನ್ನ ವಾಪಸ್ ತಗೊಂಡಿದ್ದೀನಿ. ನೀನೇ ಅವಳಿಗೆ ಹೇಳಿಬಿಡು. ನನ್ನ ಹೆಸರು ಎಲ್ಲೂ ಕೇಳಿಸ್ತಾ ಇಲ್ಲ ಕರ್ತನೇ. ನೀನೂ ಮರೆತುಬಿಟ್ಟೆಯೇನೋ ಅನ್ನಿಸ್ತದೆ.”

ಯಾರೂ ನಗಲಿಲ್ಲ. ನನಗೆ ಅಳು ಬಂತು, ಅದನ್ನು ಬೆಂಚಿಗೆ ಒರೆಸಿದೆ. ಅಗನೀತಕ್ಕ ಬಾಯಿ ತೆರೆದಾಗ ಅವಳ ದನಿಯೂ ಎಂದಿನಂತಿರಲಿಲ್ಲ.

“ಕರ್ತನೇ, ಇಸಾಕಣ್ಣನಿಗಾಗಿ ಸ್ತೋತ್ರ. ದಿನಾ ಬೆಳಗ್ಗೆ ಕೋಳಿಗೆ ಕಾಳು ಹಾಕ್ತಾ ಇವನ ಹೆಸರು ಹೇಳ್ತಾನೇ ಬಂದಿದ್ದೀನಿ, ನಿನಗೆ ಗೊತ್ತು. ನನ್ನ ಕೋಳಿಗಳಿಗೂ ಗೊತ್ತು. ಸಭೇಲಿ ಹೇಳೋಕೆ ನನಗೇ ಬಾಯಿ ತುರಿಸ್ತಿತ್ತು. ಇವನ ಸೂಪಿಗೆ ಸ್ತೋತ್ರ, ಇವನು ಸರಿಸಿದ ಹಿಮಕ್ಕೆ ಸ್ತೋತ್ರ.” ಇಲ್ಲಿ ಅವಳು ಮೂಗು ಒರೆಸಿಕೊಂಡಳು. “ಇನ್ನೊಂದು ಮಾತು ಕರ್ತನೇ. ಇತ್ತೀಚೆಗೆ ಟ್ರಕ್ಕಿಗೆ ಬ್ರೇಕ್ ಹಾಕಿಸ್ಕೊಂಡಿದ್ದಾನೆ. ಇವನ ನಂಬಿಕೆ ಕಮ್ಮಿಯಾಗಿದೆ, ಕ್ಷಮಿಸಿಬಿಡು.”

ನಡುದಾರಿಯಾಚೆ, ಹಿಂದಿನ ಸಾಲಿನಲ್ಲಿ ಇಸಾಕನ ಬೂಟುಗಳು ಗಡಗಡ ನಡುಗುತ್ತಿದ್ದವು. ಬೂಟಿನ ಅಡಿಯಷ್ಟೇ ನೋಡಿದರೆ ಮನುಷ್ಯ ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯುವುದಿಲ್ಲ. ಆಮೆನ್ ಆದ ಮೇಲೆ ಎಲ್ಲರೂ ಎದ್ದು ತಿರುಗಿ ಕೂತೆವು. ಅವನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮಂಡಿಯೂರಿಯೇ ಇದ್ದ.