ಕಂಟ್ರಿ ಮ್ಯೂಸಿಕ್ ನೋಡಲು ಹೋದ ಭಾನುವಾರ

ನಾವಿರುವ ಜರ್ಮನಿಯ ಹ್ಯಾನೋವರ್‌ನ ಮ್ಯೂಸಿಯಂ ಒಂದರಲ್ಲಿ ಅಮೆರಿಕದ ಕಂಟ್ರಿ ಮ್ಯೂಸಿಕ್ ಹಾಡುಗಾರರ ವಸ್ತುಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ನನ್ನ ಗಂಡನಿಗೆ ಆ ಹಾಡುಗಳೆಂದರೆ ಪ್ರಾಣ. ಕಾರಿನಲ್ಲಿ ಅದೇ, ಕಿವಿಗೆ ಸಿಕ್ಕಿಸಿಕೊಂಡದ್ದೂ ಅದೇ. ಒಂದು ಭಾನುವಾರ ನನ್ನನ್ನೂ ಎಂಟು ವರ್ಷದ ಮಗಳನ್ನೂ ಹೊರಡಿಸಿದರು.

ಗಾಜಿನ ಹಿಂದೆ ಬೂಟುಗಳು, ಅಗಲ ಅಂಚಿನ ಟೋಪಿಗಳು, ಬಣ್ಣ ಹೋದ ಗಿಟಾರುಗಳು. ಒಂದು ಕಡೆ ಹಾಡುಗಾರ್ತಿಯೊಬ್ಬಳ ಅಡುಗೆಮನೆಯ ಏಪ್ರನ್ ನೇತು ಹಾಕಿದ್ದರು. ಅವಳು ಹಿಟ್ಟು ನಾದುತ್ತಲೇ ಹಾಡು ಕಟ್ಟುತ್ತಿದ್ದಳಂತೆ. ಇವರು ಅದರ ಮುಂದೆ ಕೈಕಟ್ಟಿ ನಿಂತು, "ಮನೆಯವರ ಸಪೋರ್ಟ್ ಇಲ್ಲದೆ ಇಂಥವರು ಮೇಲೆ ಬರ್ಲಿಕ್ಕೆ ಸಾಧ್ಯವೇ ಇಲ್ಲ, ಗೊತ್ತುಂಟಾ?" ಎಂದರು. ನನಗೆ ಮೈಯೆಲ್ಲ ಉರಿಯಿತು.

ಉಡುಪಿಯಲ್ಲಿ ನನ್ನನ್ನು ನೋಡಲು ಬಂದ ದಿನ ಇವರಮ್ಮ ದೇವರನಾಮ ಹೇಳಿಸಿದ್ದರು. ಮುಗಿದ ಮೇಲೆ, "ಇನ್ನೊಂದು ಹೇಳ್ಲಿ" ಎಂದವರು ಇವರೇ. ಚಿಕ್ಕಂದಿನಿಂದ ಸಂಗೀತ ಕಲಿತವಳು ನಾನು. ಹಾಡು ಬೇಕೆನ್ನುವ ಗಂಡ ಸಿಕ್ಕಿದನೆಂದು ಊರಿಡೀ ಹೇಳಿಕೊಂಡು ತಿರುಗಿದ್ದೆ. ಇಲ್ಲಿಗೆ ಬಂದ ವಾರವೇ ಕೆಳಗಿನ ಮನೆಯ ಮುದುಕಿ ಬಾಗಿಲು ತಟ್ಟಿ, ಭಾನುವಾರ ರೂಹೆತ್ಸೈಟ್, ಸದ್ದು ಮಾಡಬಾರದು ಎಂದು ಹೇಳಿ ಹೋದಳು. ಅವಳು ಹೇಳಿದ್ದು ಭಾನುವಾರದ ಮಾತು. ಇವರು ಅದನ್ನು ವಾರಕ್ಕೆಲ್ಲ ಕಾನೂನು ಮಾಡಿದರು.

"ಕೆಲಸದ ವೀಸಾ, ಬ್ಲೂ ಕಾರ್ಡ್ ಈಗಷ್ಟೇ ಸಿಕ್ಕಿದ್ದು. ಕಂಪ್ಲೇಂಟ್ ಗಿಂಪ್ಲೇಂಟ್ ಬೇಡ. ಪರ್ಮನೆಂಟ್ ಆಗ್ಲಿ, ಮತ್ತೆ ಹಾಡುವಿಯಂತೆ."

ಪರ್ಮನೆಂಟ್ ಆಯಿತು. ಆಮೇಲೆ ಮಗು ಮಲಗಿದೆ ಎಂದರು. ಆಮೇಲೆ ಮನೆಯಿಂದಲೇ ಆಫೀಸಿನ ಮೀಟಿಂಗು ಶುರುವಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ; ನಮ್ಮ ಮನೆಯಲ್ಲಿ ಆ ಗಿಡಕ್ಕೆ ನೀರನ್ನೂ ಹಾಕಲಿಲ್ಲ.

ಪ್ರದರ್ಶನದ ಕೊನೆಯಲ್ಲಿ ಗಾಜಿನ ಬಾಗಿಲಿನ ಪುಟ್ಟ ಕೋಣೆಯಿತ್ತು. ಒಳಗೆ ಹಳೇ ಕಾಲದ ಮೈಕು. ಬಂದವರು ಯಾರು ಬೇಕಾದರೂ ಹಾಡಬಹುದು. ಅಮ್ಮ, ನಿನಗೆ ಹಾಡಲು ಬರುತ್ತದಾ ಎಂದು ಮಗಳು ಜರ್ಮನ್‌ನಲ್ಲಿ ಕೇಳಿದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಅದು ಗೊತ್ತಿರಲಿಲ್ಲ. ಸೀದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪಲ್ಲವಿ ಹೇಗೋ ಆಯಿತು. ಮೇಲಿನ ಷಡ್ಜಕ್ಕೆ ಹೋದಾಗ ಗಂಟಲು ಒಡೆಯಿತು. ಮತ್ತೆ ಎತ್ತಿದೆ, ಮತ್ತೆ ಒಡೆಯಿತು. ಗಾಜಿನಾಚೆ ಇವರು ನಗುತ್ತ ಕೈ ಬೀಸುತ್ತಿದ್ದರು. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದು, ಕಿರುಚಿದ ಹಾಗೆಯೇ ಚರಣ ಮುಗಿಸಿದೆ.

ಹೊರಗೆ ಬಂದಾಗ ಇವರು ಬಾಗಿಲು ಎಷ್ಟು ದಪ್ಪ ಎಂದು ತಟ್ಟಿ ನೋಡುತ್ತಿದ್ದರು.

"ಹೊರಗೆ ಎಂತ ಸಹ ಕೇಳ್ಲಿಲ್ಲ ಮಾರಾಯ್ತಿ! ಇಂಥದ್ದೊಂದು ನಮ್ಮ ಮನೆಯಲ್ಲಿಯೂ ಇದ್ದಿದ್ರೆ ಎಷ್ಟು ಒಳ್ಳೇದಿತ್ತು!"